ಉಯಿಲಿನಲ್ಲಿ ಊರಿಗೊಂದು ಪಾಲು

"ಉಳಿದ ಹಣವನ್ನು ಧರ್ಮಕ್ಕೆ ವಿನಿಯೋಗಿಸತಕ್ಕದ್ದು." ಪತ್ರ ಬರಹಗಾರರಿಂದ ಬರೆಸಿದ ಹಳೆಯ ಉಯಿಲುಗಳ ಕೊನೆಯಲ್ಲಿ ಇಂಥದ್ದೊಂದು ಸಾಲು ಕಾಣುತ್ತದೆ. ಓದಲು ಹಿತ, ಆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮುಂಬಯಿಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ಒಂದು ವ್ಯಾಜ್ಯದಲ್ಲಿ 1899ರಷ್ಟು ಹಿಂದೆಯೇ ಇದು ತೀರ್ಮಾನವಾಗಿದೆ. 'ಧರ್ಮ' ಎಂಬ ಮಾತಿನ ಹರವು ತೀರಾ ದೊಡ್ಡದು, ಅದನ್ನು ಯಾವ ನ್ಯಾಯಾಲಯವೂ ಜಾರಿ ಮಾಡಿಸಲಾರದು, ಹಾಗಾಗಿ ಆ ಕೊಡುಗೆ ಅಸಿಂಧು ಎಂದು. ಅಸಿಂಧುವಾದ ಹಣ ವಾರಸುದಾರರಿಗೆ ಹಂಚಿಹೋಗುತ್ತದೆ. ಬರೆದವರು ಊರಿಗೆ ಕೊಟ್ಟೆವೆಂದು ನೆಮ್ಮದಿಯಿಂದ ಕಣ್ಣು ಮುಚ್ಚಿರುತ್ತಾರೆ, ಊರಿಗೆ ಬಿಡಿಗಾಸೂ ಬಂದಿರುವುದಿಲ್ಲ.

ಉಯಿಲು ಬರೆಯುವುದು (ಧಾರವಾಡ, ಬೆಳಗಾವಿ ಕಡೆಯವರಿಗೆ ಮೃತ್ಯುಪತ್ರ) ಕಷ್ಟದ ಕೆಲಸವಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಬಹುದು. ಹೆಣ್ಣುಮಕ್ಕಳಿಗೆ ಇಷ್ಟು, ಗಂಡುಮಕ್ಕಳಿಗೆ ಇಷ್ಟು ಎಂದು ಬರೆಯುವಾಗ ಪಡೆಯುವವರು ಕಣ್ಣೆದುರಿಗೇ ಇರುತ್ತಾರೆ, ತಮ್ಮ ಪಾಲನ್ನು ಕೇಳಿ ಪಡೆಯುತ್ತಾರೆ. ಊರಿನ ಶಾಲೆ, ಗ್ರಂಥಾಲಯ, ಆಸ್ಪತ್ರೆ, ದೇವಸ್ಥಾನ ಹಾಗೆ ಬಂದು ಕೇಳುವುದಿಲ್ಲ. ಕೇಳುವವರಿಲ್ಲದ ಕೊಡುಗೆಗೆ ಬರವಣಿಗೆಯೇ ಬೇಲಿ.

ಮೊದಲು ಪಡೆಯುವವರು ಯಾರೆಂದು ಖಚಿತವಾಗಬೇಕು. "ನಮ್ಮೂರ ಶಾಲೆಗೆ" ಎಂದು ಬರೆದರೆ ಆ ಶಾಲೆ ಯಾರದು? ಸರ್ಕಾರಿ ಶಾಲೆಯಾದರೆ ಅದರ ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಒಂದು ಸಮಿತಿ ಅಷ್ಟೆ, ಅದರ ಹೆಸರಿಗೆ ಜಾಗ ಬರೆಯುವುದು ತಪ್ಪು. ಸ್ಥಿರಾಸ್ತಿಯನ್ನು ಶಿಕ್ಷಣ ಇಲಾಖೆಯ ಹೆಸರಿಗೇ ಬರೆಯಬೇಕು, ಬರೆಯುವ ಮುಂಚೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಸರಿಯಾದ ಹುದ್ದೆಯ ಹೆಸರನ್ನು ಕೇಳಿ ತಿಳಿಯಬೇಕು. ಬಾಯಿಮಾತಿನ ದಾನದಲ್ಲಿ ಎದ್ದ ಶಾಲೆಗಳ ಪಾಡು ರಾಜ್ಯದಲ್ಲೆಲ್ಲ ಕಾಣುತ್ತದೆ. ಅಜ್ಜ ಕೊಟ್ಟ ಜಾಗ, ದಾನಪತ್ರವಿಲ್ಲ, ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಮೊಮ್ಮಗ ಬಂದು ಕಾಂಪೌಂಡಿಗೆ ಬೀಗ ಹಾಕುತ್ತಾನೆ.

ದೇವಸ್ಥಾನವಾದರೆ ಅದು ಮುಜರಾಯಿಗೆ ಸೇರಿದ್ದೋ, ಊರಿನ ಟ್ರಸ್ಟಿನದೋ, ಒಂದು ಮನೆತನದ್ದೋ ನೋಡಿ. ಕಾನೂನಿನ ಕಣ್ಣಿನಲ್ಲಿ ಪ್ರತಿಷ್ಠೆಯಾದ ದೇವರೇ ಆಸ್ತಿ ಹೊಂದಬಲ್ಲ ವ್ಯಕ್ತಿ, ಆದ್ದರಿಂದ ದೇವರ ಹೆಸರಿಗೆ ಬರೆಯಬಹುದು. ಅರ್ಚಕರ ಹೆಸರಿಗೆ ಬರೆಯಬಾರದು. ಗ್ರಾಮ ಪಂಚಾಯಿತಿ ಕಾನೂನಿನಿಂದ ಹುಟ್ಟಿದ ಸಂಸ್ಥೆ, ಅದು ಆಸ್ತಿ ಪಡೆಯಬಹುದು. ಯುವಕ ಸಂಘ, ಮಹಿಳಾ ಮಂಡಳಿ, ಹಳೆ ವಿದ್ಯಾರ್ಥಿಗಳ ಬಳಗ ಇವು ನೋಂದಣಿಯಾಗಿಲ್ಲದಿದ್ದರೆ ಅಸ್ತಿತ್ವವೇ ಅನುಮಾನ. ನೋಂದಣಿಯಾಗಿದ್ದರೂ ವರ್ಷವರ್ಷ ನವೀಕರಣದ ಲೆಕ್ಕಪತ್ರ ಕೊಡದೆ ಮಲಗಿಬಿಟ್ಟ ಸಂಘಗಳಿಗೆ ಬರವಿಲ್ಲ. ಉಯಿಲಿನಲ್ಲಿ ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ವಿಳಾಸ, ಪ್ಯಾನ್ ಇಷ್ಟೂ ಇರಲಿ. ಒಂದೇ ಮಠಕ್ಕೆ ಸೇರಿದ ನಾಲ್ಕು ಟ್ರಸ್ಟುಗಳು ಒಂದೇ ಬಗೆಯ ಹೆಸರಿನಲ್ಲಿ ಇರುವ ನಾಡು ನಮ್ಮದು.

ಸಂಸ್ಥೆ ನಂಬಿಕೆಗೆ ಯೋಗ್ಯವೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಬದುಕಿರುವಾಗಲೇ ಒಂದು ಸಣ್ಣ ಮೊತ್ತ, ಇಪ್ಪತ್ತೈದು ಸಾವಿರವೋ ಐವತ್ತು ಸಾವಿರವೋ, ಒಂದು ಗೊತ್ತಾದ ಕೆಲಸಕ್ಕೆಂದು ಚೆಕ್ಕಿನಲ್ಲಿ ಕೊಟ್ಟು ಒಂದು ವರ್ಷ ಸುಮ್ಮನೆ ನೋಡಿ. ರಸೀದಿ ತಾನಾಗಿ ಬಂತೇ? ಹಣ ಆ ಕೆಲಸಕ್ಕೇ ಹೋಯಿತೇ? ಆಡಿಟ್ ಆದ ಲೆಕ್ಕ ಕೇಳಿದರೆ ತೋರಿಸಿದರೇ, ಮುಖ ಸಣ್ಣ ಮಾಡಿದರೇ? ಕಣ್ಣೆದುರಿಗೆ ಐವತ್ತು ಸಾವಿರಕ್ಕೆ ಲೆಕ್ಕ ಕೊಡದವರು ನೀವಿಲ್ಲದಾಗ ಹತ್ತು ಲಕ್ಷಕ್ಕೆ ಕೊಡಲಾರರು.

ಕೊಡುವ ಬಗೆ ಮೂರು. ಇಂತಿಷ್ಟು ರೂಪಾಯಿ ಎಂದು ಮೊತ್ತ ಬರೆಯುವುದು ಒಂದು. ಇಂಥ ಸೈಟು, ಇಂಥ ಠೇವಣಿ ಎಂದು ವಸ್ತುವನ್ನೇ ಬರೆಯುವುದು ಇನ್ನೊಂದು. ಸಾಲಸೋಲ, ಅಂತ್ಯಕ್ರಿಯೆಯ ಖರ್ಚು, ಮನೆಯವರ ಪಾಲು ಎಲ್ಲ ಕಳೆದು ಉಳಿದದ್ದರಲ್ಲಿ ಶೇಕಡಾ ಇಷ್ಟು ಎನ್ನುವುದು ಮೂರನೆಯದು. ನಮ್ಮ ಒಲವು ಯಾವಾಗಲೂ ಮೂರನೆಯದಕ್ಕೆ. ಮೊತ್ತ ಬರೆದರೆ ಕೊನೆಗಾಲದ ಆಸ್ಪತ್ರೆಯ ಬಿಲ್ಲು ಇದ್ದದ್ದನ್ನೆಲ್ಲ ನುಂಗಿದಾಗ ಮಕ್ಕಳಿಗೂ ಸಂಸ್ಥೆಗೂ ಜಗಳ ಹಚ್ಚಿದಂತೆ. ವಸ್ತು ಬರೆಯುವುದರಲ್ಲಿ ಇನ್ನೊಂದು ಗುಂಡಿಯಿದೆ. "ಇಂಥ ಬ್ಯಾಂಕಿನ ಇಂಥ ಸಂಖ್ಯೆಯ ಠೇವಣಿ ಗ್ರಂಥಾಲಯಕ್ಕೆ" ಎಂದು ಬರೆದಿರುತ್ತೀರಿ. ಠೇವಣಿಯ ಅವಧಿ ಮುಗಿದು, ಒಡೆದು, ಬಡ್ಡಿ ಜಾಸ್ತಿ ಕೊಡುವ ಬೇರೆ ಬ್ಯಾಂಕಿಗೆ ಹಾಕುತ್ತೀರಿ. ನೀವು ತೀರಿಕೊಂಡ ದಿನ ಆ ಸಂಖ್ಯೆಯ ಠೇವಣಿ ಇಲ್ಲ, ವಸ್ತುವಿಲ್ಲದ ಮೇಲೆ ಕೊಡುಗೆಯೂ ಇಲ್ಲ. ಠೇವಣಿ ಸಂಖ್ಯೆ ಬರೆಯಲೇಬೇಕೆನಿಸಿದರೆ "ಅಥವಾ ಅದರ ಬದಲಿಗೆ ಇರುವ ಯಾವುದೇ ಠೇವಣಿ" ಎಂದು ಸೇರಿಸಿ.

ಬ್ಯಾಂಕಿನಲ್ಲಿ ನಾಮಿನಿ ಮಾಡಿದರೆ ಆಯಿತಲ್ಲ, ಉಯಿಲು ಯಾಕೆ ಎಂದು ಕೇಳುವವರುಂಟು. ಠೇವಣಿ ಖಾತೆಗೆ ವ್ಯಕ್ತಿಯನ್ನಷ್ಟೇ ನಾಮಿನಿ ಮಾಡಬಹುದು, ಸಂಸ್ಥೆಯನ್ನಲ್ಲ. ಹೋಗಲಿ ಎಂದು ಊರಿನ ಹಿರಿಯರೊಬ್ಬರನ್ನು ನಾಮಿನಿ ಮಾಡಿದರೂ ಅವರು ಹಣದ ಒಡೆಯರಾಗುವುದಿಲ್ಲ. ಕಾನೂನಿನ ಪ್ರಕಾರ ವಾರಸುದಾರರ ಪರವಾಗಿ ಹಣ ಹಿಡಿದುಕೊಂಡವರು ಮಾತ್ರ. ಷೇರುಗಳ ನಾಮಿನಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ. ವಿಮೆಯ ಲೆಕ್ಕ ಬೇರೆ. 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣಕ್ಕೆ ಅವರೇ ಹಕ್ಕುದಾರರು ಎನ್ನುತ್ತದೆ ವಿಮಾ ಕಾಯ್ದೆ. ಆ ಹಣವನ್ನು ಉಯಿಲಿನಲ್ಲಿ ಊರಿಗೆ ಬರೆದು ಆಸೆ ಹುಟ್ಟಿಸಬೇಡಿ.

ಇನ್ನು ನಿಮ್ಮದಲ್ಲದ್ದನ್ನು ಕೊಡಲಾಗದು. ಸ್ವಯಾರ್ಜಿತವಾದರೆ ಪೂರ್ತಿ ನಿಮ್ಮಿಷ್ಟ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಅದಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಅವಕಾಶ ಕೊಡುತ್ತದೆ. ಮುಸ್ಲಿಮರು ವಸಿಯತ್ತಿನ ಮೂಲಕ, ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು, ಮೂರನೇ ಒಂದು ಭಾಗವನ್ನು ಮಾತ್ರ ಹೀಗೆ ಕೊಡಬಹುದು, ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಸಾಯುವ ಒಂದು ವರ್ಷ ಮುಂಚೆಯೇ ಬರೆದಿಟ್ಟಿರಬೇಕೆಂಬ ವಿಚಿತ್ರ ಕಲಂ ಒಂದಿತ್ತು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಆದರೂ ಹಳೆಯ ಪುಸ್ತಕ ನೋಡಿ ಹೆದರಿಸುವವರು ಈಗಲೂ ಸಿಗುತ್ತಾರೆ. ಸರ್ಕಾರ ಮಂಜೂರು ಮಾಡಿದ ಜಮೀನು, ಗೇಣಿಯಿಂದ ಬಂದ ಜಮೀನು ಇದ್ದರೆ ಮಂಜೂರಾತಿ ಪತ್ರದ ಷರತ್ತುಗಳನ್ನು ವಕೀಲರಿಗೆ ತೋರಿಸದೆ ಒಂದಕ್ಷರವನ್ನೂ ಬರೆಯಬೇಡಿ.

ಹೊಲವನ್ನೇ ಸಂಸ್ಥೆಗೆ ಬರೆಯುವುದಕ್ಕಿಂತ "ನಿರ್ವಾಹಕರು ಮಾರಿ, ಬಂದ ಹಣವನ್ನು ಕೊಡತಕ್ಕದ್ದು" ಎನ್ನುವುದು ಹೆಚ್ಚಿನ ಸಂದರ್ಭಗಳಲ್ಲಿ ಒಳ್ಳೆಯದು. ನಿರ್ವಾಹಕರೆಂದರೆ ಉಯಿಲಿನಂತೆ ಕೆಲಸ ನಡೆಸಲು ನೀವು ಅದರಲ್ಲೇ ಹೆಸರಿಸುವವರು. ಎರಡು ಎಕರೆ ಒಣ ಭೂಮಿಯನ್ನು ಇಟ್ಟುಕೊಂಡು ಒಂದು ವೃದ್ಧಾಶ್ರಮ ಏನು ಮಾಡೀತು? ಒತ್ತುವರಿ ಕಾಯಲು ಒಬ್ಬ ಆಳು ಬೇಕು. ಬಾಡಿಗೆದಾರ ಬಿಡದ ಹಳೆಯ ಮನೆಯೂ ಅಷ್ಟೇ, ಅದು ಕೊಡುಗೆಯಲ್ಲ, ಕೇಸು.

ದತ್ತಿ ಬರೆಯುವ ನೂರರಲ್ಲಿ ತೊಂಬತ್ತು ಜನ ಮಾಡುವ ಲೆಕ್ಕ ಒಂದೇ. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಕೆಲಸ ನಡೆಯಬೇಕು, ಹೆಸರು ಆಚಂದ್ರಾರ್ಕ ಇರಬೇಕು. ಶಾಸನಗಳ ಕಾಲದಿಂದ ಬಂದ ಅಭ್ಯಾಸ ಇದು: ಇಷ್ಟು ಗದ್ಯಾಣ ಕೊಟ್ಟೆ, ಅದರ ಬಡ್ಡಿಯಲ್ಲಿ ನಂದಾದೀಪಕ್ಕೆ ಇಷ್ಟು ಎಣ್ಣೆ. ಇಂದಿನ ಲೆಕ್ಕದಲ್ಲಿ ನೋಡೋಣ. 5 ಲಕ್ಷ ರೂಪಾಯಿ, ಶೇಕಡಾ 6.5ರ ಬಡ್ಡಿ, ವರ್ಷಕ್ಕೆ 32,500. ನಾಲ್ಕು ಮಕ್ಕಳಿಗೆ ತಲಾ ಎಂಟು ಸಾವಿರ ಕೊಡಬಹುದು. ಬೆಲೆಗಳು ವರ್ಷಕ್ಕೆ ಶೇಕಡಾ 5 ಏರುತ್ತ ಹೋದರೆ ಇಪ್ಪತ್ತು ವರ್ಷದ ನಂತರ ಅದೇ 32,500ಕ್ಕೆ ಸಿಗುವುದು ಇಂದಿನ ಹನ್ನೆರಡು ಸಾವಿರ ಚಿಲ್ಲರೆಯ ಸಾಮಾನು. ಅಸಲಿನ ಬೆಲೆ ಕುಗ್ಗದಂತೆ ನೋಡಿಕೊಳ್ಳಬೇಕೆಂದರೆ ಮೊದಲ ವರ್ಷವೇ 25,000 ತಿರುಗಿ ಅಸಲಿಗೆ ಸೇರಿಸಬೇಕು, ಮಕ್ಕಳಿಗೆ ಉಳಿಯುವುದು ಏಳೂವರೆ ಸಾವಿರ. ಚಿನ್ನದ ಪದಕಕ್ಕೆಂದು ಇಟ್ಟ ಹಳೆಯ ದತ್ತಿಗಳಲ್ಲಿ ಎಷ್ಟೋ ಇಂದು ಚಿನ್ನದ ನೀರು ಕುಡಿಸಿದ ಬಿಲ್ಲೆಗೆ ಇಳಿದಿರುವುದು, ದತ್ತಿ ಉಪನ್ಯಾಸದ ಬಡ್ಡಿ ಭಾಷಣಕಾರರ ಆಟೋ ಬಾಡಿಗೆಗೂ ಸಾಲದಾಗಿರುವುದು ಈ ಕಾರಣಕ್ಕೇ. ಯಾರೂ ತಿಂದುಹಾಕಿದ್ದಲ್ಲ, ಕಾಲ ತಿಂದದ್ದು.

ಅದೇ 5 ಲಕ್ಷವನ್ನು ಹದಿನೈದು ವರ್ಷದಲ್ಲಿ ಅಸಲೂ ಸೇರಿ ಖರ್ಚು ಮಾಡಿ ಮುಗಿಸಿ ಎಂದು ಬರೆದು ನೋಡಿ. ಅದೇ 6.5ರ ಬಡ್ಡಿಯಲ್ಲಿ ಮೊದಲ ವರ್ಷ ಸುಮಾರು 39,000 ಕೊಡಬಹುದು, ಪ್ರತಿ ವರ್ಷ ಶೇಕಡಾ 5 ಏರಿಸುತ್ತಲೂ ಹೋಗಬಹುದು, ಹದಿನೈದನೇ ವರ್ಷ ಅದು 77,000 ದಾಟಿರುತ್ತದೆ. ಐದನೇ ಕ್ಲಾಸಿನ ಹುಡುಗಿ ಡಿಗ್ರಿ ಮುಗಿಸುವವರೆಗೆ ಕೈಹಿಡಿದು, ಇನ್ನೊಂದಿಬ್ಬರಿಗೂ ಆಗುತ್ತದೆ. ಆಮೇಲೆ ಹೆಸರು ಇರುವುದಿಲ್ಲ ನಿಜ. ಹತ್ತು ಹದಿನೈದು ಲಕ್ಷದ ಒಳಗಿನ ಕೊಡುಗೆಗೆ ನಮ್ಮ ಸಲಹೆ ಇದೇ: ಅವಧಿ ಹಾಕಿ, ಮುಗಿಸಿ. ಹಿಡಿ ಹಣಕ್ಕೆ ಸೂರ್ಯಚಂದ್ರರ ಆಯಸ್ಸು ಬೇಡ.

ಬಹುಕಾಲ ಬಾಳಿದ ಕೊಡುಗೆಗಳೂ ಇವೆ, ಅವುಗಳ ರಚನೆಯನ್ನು ನೋಡಬೇಕು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತೀರಿಕೊಂಡದ್ದು 1906ರಲ್ಲಿ. ಮೃತ್ಯುಪತ್ರದ ಮೂಲಕ ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ವಿದ್ಯಾರ್ಥಿಗಳ ಓದಿಗೆ ಬಿಟ್ಟರು, ನವಲಗುಂದ–ಸಿರಸಂಗಿ ಟ್ರಸ್ಟ್ ಅದರಿಂದ ಹುಟ್ಟಿತು, ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಆಸ್ತಿ ದೊಡ್ಡದು, ನೋಡಿಕೊಳ್ಳಲು ಅದಕ್ಕೇ ಮೀಸಲಾದ ಟ್ರಸ್ಟು, ಉದ್ದೇಶ ಒಂದೇ ಆದರೂ ಅಗಲವಾದದ್ದು: ಓದು. "ಏಳನೇ ತರಗತಿಯಲ್ಲಿ ಗಣಿತದಲ್ಲಿ ಮೊದಲು ಬಂದ, ಇಂಥ ಓಣಿಯ ಬಾಲಕನಿಗೆ" ಎಂದಿದ್ದರೆ ಓಣಿ ಖಾಲಿಯಾದ ದಿನ ದತ್ತಿಯೂ ನಿಂತುಹೋಗುತ್ತಿತ್ತು.

ಬರೆಯುವ ಮಾತು ಹೇಗಿರಬೇಕು ಎಂಬುದಕ್ಕೆ ಒಂದು ನಮೂನೆ:

"ನನ್ನ ಅಂತ್ಯಕ್ರಿಯೆಯ ವೆಚ್ಚ, ಸಾಲ, ತೆರಿಗೆ ಹಾಗೂ ಮೇಲೆ ಹೇಳಿದ ಕೊಡುಗೆಗಳನ್ನು ತೀರಿಸಿದ ಮೇಲೆ ಉಳಿಯುವ ನನ್ನ ಎಲ್ಲ ಚರ ಆಸ್ತಿಯಲ್ಲಿ ಶೇಕಡಾ 15 (ಹದಿನೈದು) ಭಾಗವನ್ನು (ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ವಿಳಾಸ) ಇವರಿಗೆ, ನಮ್ಮ ಗ್ರಾಮದ ಮತ್ತು ಸುತ್ತಲಿನ ಗ್ರಾಮಗಳ ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸದ ನೆರವಿಗಾಗಿ ಕೊಟ್ಟಿದ್ದೇನೆ. ಅಸಲು ಮತ್ತು ಬಡ್ಡಿ ಎರಡನ್ನೂ 15 ವರ್ಷದೊಳಗೆ ಈ ಉದ್ದೇಶಕ್ಕೆ ಬಳಸಬಹುದು. ನಾನು ತೀರಿಕೊಂಡಾಗ ಸದರಿ ಸಂಸ್ಥೆ ಅಸ್ತಿತ್ವದಲ್ಲಿ ಇಲ್ಲದಿದ್ದರೆ, ಬೇರೆಯದರೊಡನೆ ವಿಲೀನವಾಗಿದ್ದರೆ ಅಥವಾ ಕೊಡುಗೆಯನ್ನು ಒಪ್ಪದಿದ್ದರೆ, ಇದೇ ಉದ್ದೇಶವುಳ್ಳ ಬೇರೊಂದು ನೋಂದಾಯಿತ ಸಂಸ್ಥೆಗೆ ನನ್ನ ನಿರ್ವಾಹಕರು ಕೊಡತಕ್ಕದ್ದು. ಸಂಸ್ಥೆಯ ಅಧಿಕೃತ ಪದಾಧಿಕಾರಿಯ ರಸೀದಿ ನನ್ನ ನಿರ್ವಾಹಕರಿಗೆ ಸಾಕಷ್ಟು ಬಿಡುಗಡೆ ಎಂದು ತಿಳಿಯತಕ್ಕದ್ದು."

ಇದರಲ್ಲಿ ಜೀವವಿರುವುದು "ಅಸ್ತಿತ್ವದಲ್ಲಿ ಇಲ್ಲದಿದ್ದರೆ" ಎಂಬಲ್ಲಿ. ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತದೆ, ಟ್ರಸ್ಟಿಗಳು ಕಿತ್ತಾಡಿಕೊಂಡು ಆಸ್ಪತ್ರೆ ನಿಲ್ಲುತ್ತದೆ. ಈ ವಾಕ್ಯವಿಲ್ಲದಿದ್ದರೆ, ಕೊಟ್ಟವರ ಒಟ್ಟಾರೆ ಇಂಗಿತ ಏನಿತ್ತೆಂದು ಹುಡುಕುವ ಕೆಲಸ ಜಿಲ್ಲಾ ನ್ಯಾಯಾಲಯಕ್ಕೆ ಬೀಳುತ್ತದೆ. ಅಸಲು ಉಳಿಯಲೇಬೇಕೆಂದಿದ್ದರೆ "ಮೂಲನಿಧಿಯಾಗಿ ಇಡತಕ್ಕದ್ದು" ಎಂಬ ಮಾತನ್ನು ಬಿಡಿಸಿ ಬರೆಯಿರಿ. ಹಾಗೆ ಬರೆಯದ ಕೊಡುಗೆ ಟ್ರಸ್ಟಿನ ಆ ವರ್ಷದ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ, ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಅವರು ಆದಾಯದ ಶೇಕಡಾ 85ನ್ನು ಖರ್ಚು ಮಾಡಬೇಕು. ನಿಮಗಂತೂ ಉಯಿಲಿನ ಕೊಡುಗೆಯಿಂದ ತೆರಿಗೆ ಉಳಿಯುವುದಿಲ್ಲ. ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ಹೋಗಿದೆ. ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ದಾನದ ರಸೀದಿ ಬೇಕಾದವರು ಕೈಯಾರೆ ಈಗಲೇ ಕೊಡಲಿ.

"ಮನೆ ನನ್ನ ಹೆಂಡತಿಗೆ, ಅವಳ ನಂತರ ಅನಾಥಾಶ್ರಮಕ್ಕೆ" ಎಂದು ಬರೆಯುವವರು ಬಹಳ. ಇದು ಮೇಲುನೋಟಕ್ಕೆ ಕಾಣುವಷ್ಟು ಸಲೀಸಲ್ಲ. ಹೆಂಡತಿಗೆ "ಸಂಪೂರ್ಣ ಹಕ್ಕಿನಿಂದ" ಎಂದು ಬರೆದು ಆಮೇಲೆ ಆಶ್ರಮಕ್ಕೆ ಎಂದರೆ ಎರಡನೆಯದು ಮೊದಲನೆಯದಕ್ಕೆ ವಿರುದ್ಧವಾಗಿ ಬಿದ್ದುಹೋಗುತ್ತದೆ. "ಜೀವಿತಾವಧಿಯ ಅನುಭೋಗಕ್ಕೆ ಮಾತ್ರ" ಎಂದು ಬರೆದರೂ, ಅದು ಅವರ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟದ್ದು ಎಂದಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಡಿ ಅವರೇ ಪೂರ್ಣ ಒಡತಿಯಾಗುವ ಸಾಧ್ಯತೆ ಇದೆ. ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ಪ್ರಕರಣದಿಂದೀಚೆಗೆ ಇದೇ ವಾದ ಕೋರ್ಟುಗಳಲ್ಲಿ ನಡೆಯುತ್ತಲೇ ಇದೆ. ಒಳ್ಳೆಯ ದಾರಿ: ಮನೆಯನ್ನು ಹೆಂಡತಿಗೇ ಪೂರ್ತಿ ಕೊಡಿ, ಅವರೂ ತಮ್ಮದೊಂದು ಉಯಿಲು ಬರೆಯಲಿ, ಆಶ್ರಮಕ್ಕೆ ನಗದಿನಲ್ಲಿ ಒಂದು ಭಾಗ ಈಗಲೇ ಬೇರೆ ಮಾಡಿ.

ಸಹಿಯ ದಿನದ ವಿಷಯ. ಇಬ್ಬರು ಸಾಕ್ಷಿಗಳು ಬೇಕು, ನೀವು ಸಹಿ ಹಾಕುವುದನ್ನು ಇಬ್ಬರೂ ನೋಡಬೇಕು, ನಿಮ್ಮೆದುರಿಗೇ ಅವರೂ ಸಹಿ ಹಾಕಬೇಕು. ಒಟ್ಟಿಗೇ ಇರಬೇಕೆಂದು ಕಾನೂನು ಹೇಳುವುದಿಲ್ಲ, ಆದರೆ ಒಟ್ಟಿಗೇ ಕೂರಿಸಿ. ಮುಂದೆ ಉಯಿಲನ್ನು ರುಜುವಾತು ಮಾಡಲು ಕನಿಷ್ಠ ಒಬ್ಬ ಸಾಕ್ಷಿ ಕಟಕಟೆ ಹತ್ತಬೇಕಾಗುತ್ತದೆ. ಆದ್ದರಿಂದ ನಿಮ್ಮ ವಾರಿಗೆಯವರನ್ನಲ್ಲ, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಹಿಡಿಯಿರಿ. ದತ್ತಿ ಪಡೆಯುವ ಸಂಸ್ಥೆಯ ಕಾರ್ಯದರ್ಶಿ, ಟ್ರಸ್ಟಿ, ಸ್ವಾಮೀಜಿ ಯಾರೂ ಸಾಕ್ಷಿಯಾಗಬಾರದು. ಪಡೆಯುವವರೇ ಸಾಕ್ಷಿ ಹಾಕಿದರೆ ಕ್ರೈಸ್ತರ, ಪಾರ್ಸಿಗಳ ಉಯಿಲಿನಲ್ಲಿ ಅವರಿಗೆ ಬರೆದದ್ದು ತಾನಾಗಿ ರದ್ದಾಗುತ್ತದೆ. ಹಿಂದೂಗಳಿಗೆ ಆ ಕಲಂ ಅನ್ವಯಿಸದಿದ್ದರೂ ಅನುಮಾನಕ್ಕೆ ಅಷ್ಟು ಸಾಕು. ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಸೂತ್ರ ಇಡೀ ದೇಶಕ್ಕೆ ಈಗಲೂ ಆಧಾರ: ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸಲು ಮುಂದೆ ನಿಂತಿದ್ದರೆ, ಆ ಅನುಮಾನವನ್ನು ಅವರೇ ತೊಡೆದುಹಾಕಬೇಕು. ಸಂಸ್ಥೆಯವರ ಕಾರಿನಲ್ಲಿ ಹೋಗಿ, ಸಂಸ್ಥೆಯ ವಕೀಲರಿಂದ ಬರೆಸಿಕೊಂಡು ಬಂದ ಉಯಿಲು ಮೊದಲ ಪಾಟೀಸವಾಲಿನಲ್ಲೇ ಕುಂಟುತ್ತದೆ.

ಪ್ರತಿ ಪುಟಕ್ಕೂ ಸಹಿ, ತಿದ್ದಿದ ಕಡೆಯೆಲ್ಲ ಸಹಿ, ಅಂಕಿಯನ್ನು ಅಕ್ಷರದಲ್ಲೂ ಬರೆಯುವುದು, ಸ್ಥಿರಾಸ್ತಿಗೆ ಷೆಡ್ಯೂಲು ಮತ್ತು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಕೊನೆಗೆ ಬಿಕ್ಕಲಂ (ಬರೆದ ಕೈ) ಯಾರದೆಂಬ ಹೆಸರು, ಇವು ಪತ್ರ ಬರಹಗಾರರಿಗೆ ಗೊತ್ತಿರುವ ಕೆಲಸ. ಅವರು ಸಾಮಾನ್ಯವಾಗಿ ಮರೆಯುವುದು ಒಂದನ್ನು: ಮನೆಯವರಿಗೆ ಯಾಕೆ ಕಡಿಮೆ, ಊರಿಗೆ ಯಾಕೆ ಇಷ್ಟು ಎಂಬ ಎರಡು ಸಾಲು. "ನನ್ನ ಮಕ್ಕಳಿಬ್ಬರಿಗೂ ಮನೆ ಕಟ್ಟಿಸಿಕೊಟ್ಟಿದ್ದೇನೆ, ಅವರು ಅನುಕೂಲವಾಗಿದ್ದಾರೆ" ಎಂಬ ವಾಕ್ಯ ಹತ್ತು ವರ್ಷದ ಕೇಸನ್ನು ತಪ್ಪಿಸಬಲ್ಲದು. ಎಪ್ಪತ್ತು ದಾಟಿದ್ದರೆ ಅದೇ ದಿನದ ತಾರೀಖಿನ ವೈದ್ಯರ ಪ್ರಮಾಣಪತ್ರವನ್ನೂ ಲಗತ್ತಿಸಿ.

ನೋಂದಣಿ ಕಡ್ಡಾಯವಲ್ಲ. ಆದರೂ ಊರಿಗೆ ಪಾಲಿರುವ ಉಯಿಲನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಹರಿದುಹಾಕಿದರೂ ನಕಲು ಸಿಗುತ್ತದೆ. ನೋಂದಣಿಯಾದ ಮಾತ್ರಕ್ಕೆ ಕಲ್ಲಿನ ಮೇಲೆ ಕೆತ್ತಿದಂತಲ್ಲ, ಆಮೇಲೆ ಬಿಳಿ ಹಾಳೆಯಲ್ಲಿ ಬರೆದ ಇನ್ನೊಂದು ಉಯಿಲು ಅದನ್ನು ರದ್ದು ಮಾಡಬಲ್ಲದು. ಕೊನೆಯ ಉಯಿಲೇ ಉಯಿಲು.

ನಿರ್ವಾಹಕರಾಗಿ ಮನೆಯವರೊಬ್ಬರು, ಹೊರಗಿನವರೊಬ್ಬರು ಇರಲಿ, ಇಬ್ಬರೂ ಆಗದಿದ್ದರೆ ಮೂರನೆಯವರು ಯಾರೆಂದೂ ಬರೆದಿರಲಿ. ಮರಣ ಪ್ರಮಾಣಪತ್ರ, ಬ್ಯಾಂಕುಗಳಿಗೆ ಅರ್ಜಿ, ಕೊನೆಯ ಆದಾಯ ತೆರಿಗೆ ವಿವರ, ಖಾತೆ ಬದಲಾವಣೆ, ಇವೆಲ್ಲ ಅವರ ತಲೆಯ ಮೇಲೆ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ನಿಜವೆಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವಲ್ಲದಿದ್ದರೂ ದೊಡ್ಡ ಮೊತ್ತವಿದ್ದಾಗ ಅಥವಾ ಯಾರಾದರೂ ತಕರಾರು ಹಾಕಿದಾಗ ಬ್ಯಾಂಕುಗಳು ಕೋರ್ಟಿನ ಆದೇಶ ತನ್ನಿ ಎನ್ನಬಹುದು. ಓಡಾಟದ ಖರ್ಚಿಗೆಂದು ಅವರಿಗೊಂದು ಮೊತ್ತ ತೆಗೆದಿಡಿ. ಸ್ವಂತ ದುಡ್ಡು ಹಾಕಿ ಕಚೇರಿ ಅಲೆಯುವ ಉತ್ಸಾಹ ಆರು ತಿಂಗಳಿಗಿಂತ ಹೆಚ್ಚು ಇರುವುದಿಲ್ಲ.

ಹೊರದೇಶದಲ್ಲಿದ್ದು ತವರೂರಿಗೆ ಬರೆಯುವವರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟೇ ಇದ್ದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡಿನಲ್ಲಿದ್ದರೆ ನಿಮ್ಮ ಹಣ ವಿದೇಶಿ ಮೂಲದ್ದು. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಳ್ಳಿಯ ಸಣ್ಣ ಟ್ರಸ್ಟುಗಳಿಗೆ ಈ ಅನುಮತಿ ಇರುವುದು ಅಪರೂಪ. ಅನುಮತಿಯಿರುವ ದೊಡ್ಡ ಸಂಸ್ಥೆಗೆ ಬರೆದು, ಇಂಥ ಊರಿನ ಕೆಲಸಕ್ಕೆ ಎಂದು ಉದ್ದೇಶ ಸೇರಿಸುವುದು ವಾಸಿ.

ನೇತ್ರದಾನ, ದೇಹದಾನವನ್ನು ಉಯಿಲಿನಲ್ಲಿ ಬರೆದು ಸುಮ್ಮನಾಗಬೇಡಿ. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು, ನಮ್ಮ ಮನೆಗಳಲ್ಲಿ ಉಯಿಲು ತೆರೆಯುವುದು ಹದಿಮೂರನೇ ದಿನ ಕಳೆದ ಮೇಲೆ. ಅದನ್ನು ಮನೆಯವರಿಗೆ ಬಾಯಲ್ಲಿ ಹೇಳಿ.

ಮೂಲ ಉಯಿಲನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಲಾಕರ್ ತೆರೆಯಲು ಯಾರಿಗೆ ಹಕ್ಕು ಎಂದು ತೋರಿಸುವ ಕಾಗದ ಲಾಕರಿನ ಒಳಗೇ ಇರುತ್ತದೆ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಲು 1908ರ ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ, ಬಳಸುವವರು ಕಡಿಮೆ. ಅದು ಬೇಡವೆಂದರೆ ಮೂಲಪ್ರತಿ ನಿರ್ವಾಹಕರ ಕೈಯಲ್ಲಿರಲಿ. ಸಂಸ್ಥೆಗೆ ಮಾತ್ರ ಪೂರ್ತಿ ನಕಲು ಕೊಡಬೇಡಿ, "ಇಂಥ ದಿನಾಂಕದ ನನ್ನ ಉಯಿಲಿನಲ್ಲಿ ನಿಮಗೊಂದು ಕೊಡುಗೆ ಇದೆ, ನಿರ್ವಾಹಕರು ಇಂಥವರು" ಎಂದು ಒಂದು ಕಾಗದ ಬರೆದು, ಕಚೇರಿಯ ಮೊಹರು ಹಾಕಿಸಿಕೊಂಡ ಸ್ವೀಕೃತಿ ಪ್ರತಿಯನ್ನು ಉಯಿಲಿನ ಜೊತೆಗೇ ಇಟ್ಟುಬಿಡಿ.